ಜೀಪಿನ ಹಿಂದಿನ ಎಕ್ಸೆಲ್‌ನಲ್ಲಿ ಗುಂಯ್ ಶಬ್ದ: ಹುಡುಕಿದ್ದು, ಬಿಚ್ಚಿದ್ದು, ಸರಿಪಡಿಸಿದ್ದು

ಗಂಟೆಗೆ 40 ಕಿ.ಮೀ. ದಾಟುತ್ತಿದ್ದಂತೆ ಹಿಂದಿನಿಂದ ಗುಂಯ್ ಎಂಬ ಮೊರೆತ ಏಳುತ್ತಿತ್ತು. 50ರಲ್ಲಿ ತುಂಬಿ ಬರುತ್ತಿತ್ತು. 60ರ ಹೊತ್ತಿಗೆ ಪಕ್ಕದಲ್ಲಿ ಕುಳಿತವರೊಂದಿಗೆ ದನಿ ಏರಿಸಿ ಮಾತನಾಡಬೇಕಿತ್ತು. ತೋಟದ ದಾರಿಯಲ್ಲಾಗಲೀ ಘಾಟಿಯಲ್ಲಾಗಲೀ ಇದು ಕಿವಿಗೆ ಬೀಳುವುದಿಲ್ಲ, ಅಲ್ಲಿ ಅಷ್ಟು ವೇಗವೇ ಬರುವುದಿಲ್ಲ. ಚಿಕ್ಕಮಗಳೂರು ದಾಟಿ ಸಖರಾಯಪಟ್ಟಣದ ಕಡೆ ಬಯಲು ರಸ್ತೆ ಸಿಕ್ಕಿದ ಮೇಲೆಯೇ ಅದರ ಪೂರ್ಣ ದನಿ ಹೊರಬರುತ್ತಿತ್ತು.

ಗಾಡಿ ವಿಲ್ಲಿಸ್ ವಂಶದ ಹಳೆಯ ಡೀಸೆಲ್ ಜೀಪ್. ಹಿಂದೆ ಡಾನಾ 44 ಬಗೆಯ ಗಟ್ಟಿ ಎಕ್ಸೆಲ್, ಪಟ್ಟಾ ಸ್ಪ್ರಿಂಗ್, 6.00-16 ಅಳತೆಯ ದಪ್ಪ ಬಟನ್ ಟೈರ್. ಮೂಡಿಗೆರೆ ಕಡೆಯ ತೋಟದಲ್ಲಿ ಗೊಬ್ಬರ, ಕಾಫಿ ಮೂಟೆ, ಆಳುಕಾಳು ಎಲ್ಲಕ್ಕೂ ಇದೇ ವಾಹನ. ಮಳೆಗಾಲದಲ್ಲಿ ಹಳ್ಳ ದಾಟುತ್ತದೆ, ಬೇಸಿಗೆಯಲ್ಲಿ ಧೂಳು ಕುಡಿಯುತ್ತದೆ. ಕೊಯ್ಲು ಶುರುವಾದರೆ ಇದನ್ನು ಒಂದು ದಿನವೂ ನಿಲ್ಲಿಸುವಂತಿಲ್ಲ. ಆದ್ದರಿಂದ ಮಳೆ ಹಿಂದೆ ಸರಿದು ಹಣ್ಣು ಕೆಂಪಾಗುವ ಮೊದಲೇ ಈ ಕೆಲಸ ಮುಗಿಯಬೇಕಿತ್ತು.

ಪೇಟೆಯ ಗ್ಯಾರೇಜಿನಲ್ಲಿ ಮೇಸ್ತ್ರಿ ಒಂದು ಸುತ್ತು ಓಡಿಸಿ ನೋಡಿದರು. "ಕ್ರೌನ್ ಹೋಗಿದೆ. ಗುಜರಿಯಲ್ಲಿ ಹೌಸಿಂಗ್ ಸಮೇತ ಸಿಗುತ್ತದೆ, ತಂದು ಕೂರಿಸೋಣ" ಎಂದರು. ಕ್ರೌನ್ ಎಂದರೆ ಎಕ್ಸೆಲ್ ನಡುವಿನ ದೊಡ್ಡ ಹಲ್ಲುಚಕ್ರ, ಹೌಸಿಂಗ್ ಎಂದರೆ ಅದನ್ನು ಹೊತ್ತ ಲೋಹದ ಕವಚ. ಅವರ ಕಿವಿಯ ಮೇಲೆ ನನಗೆ ಗೌರವವಿದೆ. ಶಬ್ದ ಹಲ್ಲಿನದು ಎಂದು ಅವರು ಹೇಳಿದ್ದು ಮುಂದೆ ಸರಿಯೆಂದೇ ತಿಳಿಯಿತು. ಆದರೆ ಗುಜರಿಯ ಎಕ್ಸೆಲ್ ಎಂದರೆ ಯಾರ ಕೈಯಲ್ಲಿ, ಯಾವ ಎಣ್ಣೆಯಲ್ಲಿ, ಎಷ್ಟು ಭಾರ ಹೊತ್ತು ಬಂದದ್ದೋ ಹೇಳುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮ ಎಕ್ಸೆಲ್ ಏಕೆ ಕೆಟ್ಟಿತು ಎಂಬುದು ಗೊತ್ತಾಗದೆ ಇನ್ನೊಂದನ್ನು ತಂದು ಹಾಕಿದರೆ ಅದಕ್ಕೂ ಅದೇ ಗತಿ. ಹಾಗಾಗಿ ಮೊದಲು ಶಬ್ದದ ಮೂಲ ಹಿಡಿಯುವುದು, ಆಮೇಲೆ ಪಾನಾ ಹಿಡಿಯುವುದು ಎಂದು ತೀರ್ಮಾನಿಸಿದೆ.

ಹಿಂದಿನಿಂದ ಬರುವ ಗುಂಯ್‌ಗೆ ಮೊದಲ ಅನುಮಾನ ಟೈರಿನ ಮೇಲೆ ಬೀಳಬೇಕು. ಬಟನ್ ಟೈರ್ ಟಾರು ರಸ್ತೆಯಲ್ಲಿ ತಾನಾಗಿಯೇ ಮೊರೆಯುತ್ತದೆ, ಸವೆತ ಓರೆಯಾಗಿದ್ದರೆ ಇನ್ನೂ ಜೋರು. ಪರೀಕ್ಷೆಗೆ ಖರ್ಚಿಲ್ಲ. ಹಿಂದಿನ ಟೈರುಗಳನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕಿದೆ. ಶಬ್ದ ಹಿಂದೆಯೇ ಉಳಿಯಿತು. ನುಣುಪಾದ ಹೊಸ ಟಾರಿನ ಮೇಲೂ ಜಲ್ಲಿ ಎದ್ದ ಹಳೆಯ ರಸ್ತೆಯ ಮೇಲೂ ಅದರ ಶ್ರುತಿ ಬದಲಾಗಲಿಲ್ಲ. ಟೈರಿನ ಶಬ್ದವಾಗಿದ್ದರೆ ರಸ್ತೆಯ ಮೈ ಬದಲಾದ ಕೂಡಲೇ ಅದರ ದನಿಯೂ ಬದಲಾಗುತ್ತದೆ.

ಎರಡನೆಯ ಅನುಮಾನ ಚಕ್ರದ ಬೇರಿಂಗ್. ಖಾಲಿ, ಅಗಲವಾದ ರಸ್ತೆಯಲ್ಲಿ ಸ್ಟೀರಿಂಗನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿದರೆ ಗಾಡಿಯ ಭಾರ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಕೆಟ್ಟ ಬೇರಿಂಗ್ ಇರುವ ಕಡೆಗೆ ಭಾರ ಬಿದ್ದಾಗ ಶಬ್ದ ಏರಬೇಕು, ಭಾರ ಸರಿದಾಗ ಇಳಿಯಬೇಕು. ನಮ್ಮ ಜೀಪಿನಲ್ಲಿ ಎರಡೂ ಆಗಲಿಲ್ಲ. ಜೊತೆಗೆ ಚಕ್ರದ ಬೇರಿಂಗ್ ಸುತ್ತುವುದು ಚಕ್ರದ ವೇಗದಲ್ಲಿ. ಅದರಿಂದ ಬರುವುದು ತಗ್ಗಿನ ಗೊರಗೊರ. ನಾವು ಕೇಳುತ್ತಿದ್ದುದು ಅದಕ್ಕಿಂತ ಬಹಳ ಮೇಲಿನ ಸ್ವರ.

ಮೂರನೆಯದು ಆಕ್ಸಿಲರೇಟರ್ ಪರೀಕ್ಷೆ. ಹಿಂದಿನ ಎಕ್ಸೆಲ್ ಬಗ್ಗೆ ಏನಾದರೂ ತಿಳಿಯಬೇಕಾದರೆ ಇದನ್ನು ಸಾವಧಾನವಾಗಿ ಮಾಡಬೇಕು. 50ರಲ್ಲಿ ಕಾಲು ಒತ್ತಿ ಎಳೆಯುವಾಗ, ವೇಗ ಕೂಡದೆ ಕುಂದದೆ ಹಾಗೆಯೇ ತೇಲುವಾಗ, ಗೇರಿನಲ್ಲಿಯೇ ಕಾಲು ಪೂರ್ತಿ ಎತ್ತಿದಾಗ, ಕೊನೆಗೆ ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟಾಗ ಶಬ್ದ ಹೇಗಿರುತ್ತದೆ ಎಂದು ಒಂದೊಂದಾಗಿ ಕೇಳಿಸಿಕೊಳ್ಳಬೇಕು. ನಮ್ಮದರಲ್ಲಿ ಎಳೆಯುವಾಗ ಶಬ್ದ ಸಾಧಾರಣ, ತೇಲುವಾಗ ಇನ್ನೂ ಕಡಿಮೆ. ಕಾಲು ಎತ್ತಿದ ಕ್ಷಣ ಗುಂಯ್ ಎಂದು ಎದ್ದು ನಿಲ್ಲುತ್ತಿತ್ತು. ನ್ಯೂಟ್ರಲ್‌ನಲ್ಲಿ ಮತ್ತೆ ತಗ್ಗುತ್ತಿತ್ತು, ಆದರೆ ಪೂರ್ತಿ ಹೋಗುತ್ತಿರಲಿಲ್ಲ. ಚಕ್ರದ ಬೇರಿಂಗಿಗೂ ಟೈರಿಗೂ ಎಂಜಿನ್ ಎಳೆಯುತ್ತಿದೆಯೋ ತಡೆಯುತ್ತಿದೆಯೋ ಎಂಬುದರ ಪರಿವೆಯಿಲ್ಲ. ಆ ವ್ಯತ್ಯಾಸ ತಿಳಿಯುವುದು ಹಲ್ಲುಗಳಿಗೆ ಮತ್ತು ಅವನ್ನು ಹಿಡಿದು ನಿಲ್ಲಿಸುವ ಪಿನಿಯನ್ ಬೇರಿಂಗ್‌ಗಳಿಗೆ. ಪಿನಿಯನ್ ಎಂದರೆ ಕ್ರೌನನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ.

ಆದರೆ ಹಲ್ಲುಗಳು ಗೇರ್‌ಬಾಕ್ಸಿನಲ್ಲೂ ಇವೆ, ನಾಲ್ಕು ಚಕ್ರಕ್ಕೂ ಎಳೆತವಿರುವ ಜೀಪಾದ್ದರಿಂದ ಅದನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲೂ ಇವೆ. ಇವನ್ನು ಬೇರ್ಪಡಿಸಲು ಲೆಕ್ಕ ಹಾಕಿದೆ. ಕಿವಿಗಿಂತ ಲೆಕ್ಕ ಇಲ್ಲಿ ಹೆಚ್ಚು ನೆರವಿಗೆ ಬಂತು, ಆದ್ದರಿಂದ ಪೂರ್ತಿಯಾಗಿ ಬರೆಯುತ್ತೇನೆ.

ಟೈರಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಜೀಪನ್ನು ಚಕ್ರದ ಒಂದು ಸುತ್ತು ತಳ್ಳಿ, ನೆಲದ ಮೇಲೆ ಟೇಪ್ ಹಿಡಿದರೆ 2.2 ಮೀಟರ್ ಬಂತು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ 13.9 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ 6.3 ಸುತ್ತು ತಿರುಗುತ್ತದೆ. ಕ್ರೌನಿನಲ್ಲಿ 43 ಹಲ್ಲು, ಪಿನಿಯನ್‌ನಲ್ಲಿ 8. ಈ ಜೀಪುಗಳ ಹಳೆಯ 5.38 ಅನುಪಾತ ಬರುವುದು ಇದರಿಂದಲೇ. ಬಿಚ್ಚುವ ಮೊದಲೇ ಇದನ್ನು ಖಾತ್ರಿ ಮಾಡಿಕೊಳ್ಳಬಹುದು: ಒಂದು ಹಿಂದಿನ ಚಕ್ರವನ್ನು ನೆಲದ ಮೇಲೆಯೇ ಬಿಟ್ಟು ಇನ್ನೊಂದನ್ನು ಜಾಕ್‌ನಿಂದ ಎತ್ತಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿದರೆ ಕ್ರೌನ್ ಒಂದು ಸುತ್ತು ಬರುತ್ತದೆ. ಆ ಹೊತ್ತಿಗೆ ಪಿನಿಯನ್ನನ್ನು ತಿರುಗಿಸುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತು ಮುಗಿಸಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ತಿರುಗಿರುತ್ತದೆ. ಈಗ 6.3ನ್ನು 43ರಿಂದ ಗುಣಿಸಿದರೆ ಸುಮಾರು 271. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು 50 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 271 ಸಲ ಒಂದಕ್ಕೊಂದು ಕೂಡುತ್ತವೆ. ಶಬ್ದ ಅವುಗಳದ್ದಾದರೆ ಅದರ ಆವರ್ತನ 271 ಹರ್ಟ್ಸ್ ಹತ್ತಿರವೇ ಇರಬೇಕು.

ಮೊಬೈಲಿನಲ್ಲಿ ಶಬ್ದದ ಆವರ್ತನವನ್ನು ಗೆರೆಯಾಗಿ ತೋರಿಸುವ ಉಚಿತ ಆ್ಯಪ್‌ಗಳಿವೆ. ಅಂಥದ್ದೊಂದನ್ನು ಹಾಕಿಕೊಂಡು, ವೇಗಕ್ಕೆ ಜೀಪಿನ ಮೀಟರನ್ನು ನಂಬದೆ ಜಿಪಿಎಸ್ ನೋಡಿಕೊಂಡು ಓಡಿಸಿದೆವು. ಮೊಬೈಲ್ ಹಿಡಿದು ಓದಿದವನು ಪಕ್ಕದಲ್ಲಿ ಕುಳಿತ ತಮ್ಮ. ಚಾಲಕ ಇದನ್ನು ಮಾಡಬಾರದು. 50ರಲ್ಲಿ ಕಾಲು ಎತ್ತಿದಾಗ ಗೆರೆ 270ರ ಬಳಿ ಎದ್ದಿತು. 40ಕ್ಕೆ ಇಳಿಸಿದಾಗ 217ರ ಹತ್ತಿರ, ಲೆಕ್ಕ ಹೇಳಿದಲ್ಲೇ. ಅದೇ 40ರಲ್ಲಿ ನಾಲ್ಕನೆಯ ಗೇರಿನಿಂದ ಮೂರಕ್ಕೆ ಬಂದಾಗ ಎಂಜಿನ್ ಏರಿತು, ಈ ಗೆರೆ ಮಾತ್ರ ಕದಲಲಿಲ್ಲ. ಗೇರ್‌ಬಾಕ್ಸಿನ ಹಲ್ಲುಗಳದ್ದಾಗಿದ್ದರೆ ಗೇರಿನೊಂದಿಗೆ ಗೆರೆಯೂ ಜಾಗ ಬದಲಿಸುತ್ತಿತ್ತು.

ಟ್ರಾನ್ಸ್‌ಫರ್ ಕೇಸಿನ ಮೇಲಿನ ಅನುಮಾನ ತೆಗೆಯಲು ಜೀಪಿನ ಹಿಂಭಾಗವನ್ನು ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿದೆವು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಅಡೆ ಕೊಟ್ಟು, ನಾಲ್ಕು ಚಕ್ರದ ಲಿವರ್ ಬಿಡಿಸಿದೆಯೇ ಎಂದು ಮತ್ತೆ ಮತ್ತೆ ನೋಡಿಕೊಂಡೆವು. ಅದು ಸಿಕ್ಕಿಕೊಂಡಿದ್ದರೆ ಗಾಡಿ ಸ್ಟ್ಯಾಂಡಿನಿಂದ ಹಾರಿ ಹೋಗುತ್ತದೆ. ತಮ್ಮ ಒಳಗೆ ಕುಳಿತು ಚಕ್ರ ತಿರುಗಿಸುತ್ತಾ, ಬ್ರೇಕನ್ನು ತುಸುವೇ ಒತ್ತಿ ಭಾರ ಕೊಡುತ್ತಿದ್ದ. ನಾನು ತಿರುಗುವ ಶಾಫ್ಟಿನಿಂದ ದೂರವೇ ಇದ್ದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಲೋಹಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳಿದೆ. ಟ್ರಾನ್ಸ್‌ಫರ್ ಕೇಸ್ ಬಳಿ ಗೇರುಗಳ ಮಾಮೂಲು ಗಲಗಲ. ಎಕ್ಸೆಲ್ ಕೊಳವೆಗಳ ತುದಿಯಲ್ಲಿ ಹೆಚ್ಚೇನೂ ಇಲ್ಲ. ಹೌಸಿಂಗಿನ ಮೂತಿಯಲ್ಲಿ, ಅಂದರೆ ಪಿನಿಯನ್‌ನ ಮುಂದಿನ ಬೇರಿಂಗ್ ಕುಳಿತಿರುವ ಕಡೆ, ಗುಂಯ್ ಜೊತೆಗೆ ಮರಳು ಅರೆದಂಥ ಒರಟು ಶಬ್ದವೂ ಸೇರಿತ್ತು.

ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಪಿನಿಯನ್ ಯೋಕ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಕವಲು) ಹಿಡಿದು ಅಲುಗಿಸಿದೆ. ತಿರುಗಿಸಿದಾಗ ಸ್ವಲ್ಪ ಆಟವಿರುವುದು ಸಹಜ, ಅದು ಹಲ್ಲುಗಳ ನಡುವಿನ ಸಂದು. ಆದರೆ ಮೇಲೆ ಕೆಳಗೆ ಎತ್ತಿ ಅದುಮಿದಾಗಲೂ, ಹಿಂದೆ ಮುಂದೆ ಎಳೆದು ತಳ್ಳಿದಾಗಲೂ ಯೋಕ್ ಕದಲಬಾರದು. ನಮ್ಮದು ಟಕ್ ಎಂದು ಕದಲಿತು. ಯೋಕ್ ಸುತ್ತ ಎಣ್ಣೆ ಒಸರಿ, ಧೂಳು ಹಿಡಿದು, ಬೆರಳು ದಪ್ಪ ಜಿಡ್ಡು ಕಟ್ಟಿತ್ತು.

ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ತೂರಿಸಿದರೆ ಎಣ್ಣೆ ಸಿಗಲಿಲ್ಲ. ಮಟ್ಟ ಆ ತೂತಿನ ಕೆಳ ಅಂಚಿಗೆ ತಾಗಿರಬೇಕಿತ್ತು. ಕೆಳಗಿನ ಬೋಲ್ಟ್ ತೆಗೆದಾಗ ಸುರಿದದ್ದು ಹಾಲು ಬೆರೆತ ಕಾಫಿಯ ಬಣ್ಣದ್ದು, ಅಂದರೆ ನೀರು ಸೇರಿದೆ. ಅಯಸ್ಕಾಂತ ಆಡಿಸಿದಾಗ ನುಣ್ಣನೆಯ ಬೂದು ಕೆಸರು ಅಂಟಿತು. ಹಳೆಯ ಎಕ್ಸೆಲ್‌ನಲ್ಲಿ ಅಷ್ಟು ಇರುವಂಥದ್ದೇ. ಅದನ್ನು ಬೆರಳುಗಳ ನಡುವೆ ಉಜ್ಜಿದಾಗ ಚರ್ಮಕ್ಕೆ ಚುಚ್ಚುವ ಸಣ್ಣ ಹಕ್ಕಳೆಗಳು ಸಿಕ್ಕವು. ಅದು ಇರುವಂಥದ್ದಲ್ಲ.

ಎಣ್ಣೆ ಹೊರಗೆ ಹೋಗಿ ನೀರು ಒಳಗೆ ಬಂದದ್ದು ಹೇಗೆ? ಎಕ್ಸೆಲ್ ಕೊಳವೆಯ ಮೇಲೆ ಬ್ರೀದರ್ ಎಂಬ ಪುಟ್ಟ ಮೂಗು ಇರುತ್ತದೆ. ಗಾಡಿ ಓಡಿ ಒಳಗಿನ ಗಾಳಿ ಬಿಸಿಯಾದಾಗ ಅದು ಹೊರಹೋಗಲು, ತಣಿದಾಗ ಮರಳಿ ಬರಲು ಇರುವ ದಾರಿ ಅದೊಂದೇ. ನಮ್ಮದರಲ್ಲಿ ಕೆಂಪು ಮಣ್ಣು ಇಟ್ಟಿಗೆಯಷ್ಟು ಗಟ್ಟಿಯಾಗಿ ಕೂತಿತ್ತು, ತಂತಿ ತೂರಲಿಲ್ಲ. ದಾರಿ ಮುಚ್ಚಿದ ಮೇಲೆ ಬಿಸಿ ಗಾಳಿಯ ಒತ್ತಡ ಪಿನಿಯನ್ನಿನ ಆಯಿಲ್ ಸೀಲನ್ನು ಒತ್ತಿ ಎಣ್ಣೆಯನ್ನು ಹೊರದೂಡುತ್ತದೆ. ಓಡಿ ಕಾದ ಎಕ್ಸೆಲ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಅದೇ ಸವೆದ ಸೀಲಿನ ಅಂಚಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಹಳ್ಳ ದಾಟುವ ಮಲೆನಾಡಿನ ಜೀಪಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ.

ಇನ್ನೊಂದು ಕಾರಣ ನಮ್ಮ ಏರುಗಳದ್ದು. ಕ್ರೌನ್ ತಿರುಗುತ್ತಾ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಅದು ಹೌಸಿಂಗಿನೊಳಗಿನ ಕಾಲುವೆಯ ಮೂಲಕ ಮೂತಿಗೆ ಹರಿದು ಪಿನಿಯನ್ ಬೇರಿಂಗ್‌ಗಳನ್ನು ನೆನೆಸುತ್ತದೆ. ಏರು ಹತ್ತುವಾಗ ಮೂತಿ ಮೇಲೆ ನೋಡುತ್ತದೆ, ಎಣ್ಣೆ ಹಿಂದಕ್ಕೆ ಸರಿಯುತ್ತದೆ, ಮೊದಲ ಗೇರಿನಲ್ಲಿ ಕ್ರೌನ್ ನಿಧಾನವಾದ್ದರಿಂದ ಎರಚುವುದೂ ಕಡಿಮೆ. ಮಟ್ಟ ಸರಿಯಿದ್ದರೆ ಇಷ್ಟಕ್ಕೆ ಏನೂ ಆಗುವುದಿಲ್ಲ. ಮಟ್ಟ ಇಳಿದಿದ್ದರೆ ಮೊದಲು ಒಣಗುವುದು ಮುಂದಿನ ಬೇರಿಂಗ್.

ಬಿಚ್ಚುವ ಕೆಲಸ ಚಕ್ರ ಕೂರುವ ಹಬ್‌ಗಳಿಂದ ಶುರು. ಈ ಎಕ್ಸೆಲ್‌ನಲ್ಲಿ ಶಾಫ್ಟಿನ ತುದಿ ಶಂಕುವಿನಾಕಾರದ್ದು, ಹಬ್ ಅದರ ಮೇಲೆ ಕೀಲಿ ಸಮೇತ ಬಿಗಿದು ಕೂತಿರುತ್ತದೆ. ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಬೇಕು. ಹಬ್ ಕೀಳಲು ಸರಿಯಾದ ಪುಲ್ಲರ್ ಬೇಕೇ ಬೇಕು. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಬಡಿದು ಸಡಿಲಿಸುವ ಅಭ್ಯಾಸ ಹಲವೆಡೆ ಇದೆ. ಆ ಪೆಟ್ಟು ನೇರವಾಗಿ ಚಕ್ರದ ಬೇರಿಂಗಿಗೂ ಎರಡು ಶಾಫ್ಟುಗಳ ನಡುವಿನ ಥ್ರಸ್ಟ್ ಬ್ಲಾಕಿಗೂ ಹೋಗುತ್ತದೆ. ಪುಲ್ಲರನ್ನು ಪರಿಚಿತ ತೋಟದವರಿಂದ ಎರವಲು ತಂದೆ. ಬಿಗಿದು, ಒಂದು ರಾತ್ರಿ ಹಾಗೆಯೇ ಬಿಟ್ಟೆವು. ಬೆಳಿಗ್ಗೆ ಇನ್ನೊಂದು ಕಾಲು ಸುತ್ತು ಕೊಟ್ಟ ಮೇಲೆ ಗುಂಡು ಹಾರಿದ ಸದ್ದಿನೊಂದಿಗೆ ಬಿಟ್ಟುಕೊಂಡಿತು. ಬ್ರೇಕ್ ಪ್ಲೇಟಿನ ಹಿಂದಿರುವ ಶಿಮ್‌ಗಳು, ಅಂದರೆ ಸಂದು ತುಂಬುವ ತೆಳು ತಗಡಿನ ಬಿಲ್ಲೆಗಳು, ಶಾಫ್ಟಿನ ಅಡ್ಡ ಆಟವನ್ನು ನಿರ್ಧರಿಸುತ್ತವೆ. ಎಡದವನ್ನು ಒಂದು ದಾರಕ್ಕೆ, ಬಲದವನ್ನು ಇನ್ನೊಂದಕ್ಕೆ ಪೋಣಿಸಿ ಚೀಟಿ ಕಟ್ಟಿಟ್ಟೆ.

ಹಿಂದಿನ ಮುಚ್ಚಳ ತೆಗೆದು, ಒಳಭಾಗವನ್ನು ಡೀಸೆಲ್‌ನಿಂದ ತೊಳೆದು, ಇನ್ನೇನನ್ನೂ ಕದಲಿಸುವ ಮೊದಲು ಡಯಲ್ ಗೇಜ್ ಕೂರಿಸಿ ಹಲ್ಲುಗಳ ಸಂದು ಅಳೆದೆ. ಈ ಬಗೆಯ ಎಕ್ಸೆಲ್‌ಗೆ 0.13ರಿಂದ 0.23 ಮಿ.ಮೀ. ಒಳಗಿದ್ದರೆ ಸರಿ. ಯೋಕನ್ನು ಮುಂದಕ್ಕೆ ಎಳೆದು ಹಿಡಿದಾಗ ಒಂದು ಅಳತೆ, ಹಿಂದಕ್ಕೆ ಒತ್ತಿ ಹಿಡಿದಾಗ ಇನ್ನೊಂದು. ಪಿನಿಯನ್ ತನ್ನ ಜಾಗದಲ್ಲಿ ನಿಂತಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ.

ಕ್ರೌನ್ ಹೊತ್ತ ಕೇಸನ್ನು ಹಿಡಿದಿರುವ ಎರಡು ಟೋಪಿಗಳ ಮೇಲೆ ಅಕ್ಷರ ಹೊಡೆದಿರುತ್ತಾರೆ, ಹೌಸಿಂಗಿನ ಮೇಲೂ ಅವೇ ಅಕ್ಷರಗಳು, ಅದೇ ದಿಕ್ಕಿನಲ್ಲಿ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ತಲೆಕೆಳಗಾಗದೆ ಮರಳಬೇಕು. ಕೇಸ್ ಬಹಳ ಬಿಗಿಯಾಗಿ ಕೂತಿರುತ್ತದೆ. ಎರಡು ಗಟ್ಟಿ ಮರದ ಹಿಡಿಗಳಿಂದ ಎರಡೂ ಬದಿ ಸಮನಾಗಿ ಮೀಟಿ ಹೊರತೆಗೆದೆವು. ಅದು ಕೈಗೆ ಬಂದಾಗ ಭಾರ ತಿಳಿಯುತ್ತದೆ. ಕೆಳಗೆ ಕಾಲಿಡಬೇಡಿ.

ಯೋಕ್ ಕಳಚಿ, ನಟ್ಟನ್ನು ಪಿನಿಯನ್ ತುದಿಗೆ ಮತ್ತೆ ಕೆಲವು ಎಳೆ ಹತ್ತಿಸಿ, ಅದರ ಮೇಲೆ ಹಿತ್ತಾಳೆ ತುಂಡಿಟ್ಟು ತಟ್ಟಿದಾಗ ಪಿನಿಯನ್ ಹಿಂದಕ್ಕೆ ಸರಿದು ಬಂತು. ಮುಂದಿನ ಬೇರಿಂಗಿನ ಕೋನನ್ನು, ಅಂದರೆ ರೋಲರ್‌ಗಳಿರುವ ಒಳಭಾಗವನ್ನು, ಬಿಸಿಲಿಗೆ ಹಿಡಿದು ನೋಡಿದೆ. ರೋಲರ್‌ಗಳು ಹೊಳಪು ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗಿದ್ದವು. ಹೌಸಿಂಗಿನಲ್ಲಿ ಉಳಿದದ್ದು ಕಪ್, ಅಂದರೆ ರೋಲರ್‌ಗಳು ಉರುಳುವ ಹೊರಬಳೆ. ಅದರ ಒಳಮೈಯಲ್ಲಿ ಕಪ್ಪು ಬಣ್ಣದ ಅಡ್ಡಗೆರೆಗಳು, ಒಂದರಿಂದ ಇನ್ನೊಂದಕ್ಕೆ ಸಮ ಅಂತರ. ಕೋನನ್ನು ಮತ್ತೆ ಕಪ್ಪಿಗೆ ಕೂರಿಸಿ ನೋಡಿದರೆ ಆ ಅಂತರ ರೋಲರ್‌ಗಳ ಅಂತರಕ್ಕೆ ಸರಿಹೊಂದಿತು. ಗಾಡಿ ನಿಂತಿದ್ದಾಗ ಒಂದೊಂದು ರೋಲರಿನ ಅಡಿಯಲ್ಲಿ ನೀರು ನಿಂತು, ಅಲ್ಲಲ್ಲೇ ತುಕ್ಕು ತಿಂದಿದೆ. ಆಮೇಲೆ ಓಡುವಾಗ ಆ ಗೆರೆಗಳ ಅಂಚು ಒಡೆದು, ಹಕ್ಕಳೆ ಎದ್ದು, ಒಂದು ಕಡೆ ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿತ್ತು. ಒಳಗಿನ ದೊಡ್ಡ ಬೇರಿಂಗ್ ಇಷ್ಟು ಕೆಟ್ಟಿರಲಿಲ್ಲ, ಮಬ್ಬಾಗಿತ್ತು ಅಷ್ಟೇ.

ಕಾಲು ಎತ್ತಿದಾಗಲೇ ಶಬ್ದ ಏಕೆ ಹೆಚ್ಚುತ್ತಿತ್ತು ಎಂಬುದಕ್ಕೂ ಇಲ್ಲಿಯೇ ಉತ್ತರ. ಎಂಜಿನ್ ಎಳೆಯುವಾಗ ಓರೆ ಹಲ್ಲುಗಳು ಪಿನಿಯನ್ನನ್ನು ಕ್ರೌನಿನಿಂದ ಆಚೆಗೆ, ಮುಂದಕ್ಕೆ ನೂಕುತ್ತವೆ. ಆ ಒತ್ತಡವನ್ನು ತಡೆಯುವುದು ಒಳಗಿನ ದೊಡ್ಡ ಬೇರಿಂಗ್. ಕಾಲು ಎತ್ತಿದಾಗ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ, ಒತ್ತಡ ತಿರುವುಮುರುವಾಗಿ ಪಿನಿಯನ್ ಕ್ರೌನಿನ ಕಡೆಗೆ ಎಳೆಯಲ್ಪಡುತ್ತದೆ. ಆಗ ಭಾರವೆಲ್ಲ ಮುಂದಿನ ಬೇರಿಂಗಿನ ಮೇಲೆ. ಅದು ಸವೆದಿದ್ದರೆ ಪಿನಿಯನ್ ಒಳಕ್ಕೆ ಜಾರಿ, ಹಲ್ಲುಗಳು ಕೂಡಬೇಕಾದ ಜಾಗ ಬಿಟ್ಟು ಬೇರೆಡೆ ಕೂಡುತ್ತವೆ. ಶಬ್ದ ಹಲ್ಲಿನದು, ದೋಷ ಬೇರಿಂಗಿನದು.

ಹಾಗಾದರೆ ಹಲ್ಲುಗಳು ಉಳಿದಿವೆಯೇ? ಕ್ರೌನನ್ನು ಸ್ವಚ್ಛವಾಗಿ ಒರೆಸಿ ಭೂತಗನ್ನಡಿ ಹಿಡಿದು ಒಂದೊಂದೇ ಹಲ್ಲನ್ನು ನೋಡಿದೆ. ತುದಿ ಮುರಿದದ್ದಿಲ್ಲ, ಗುಳಿಯಿಲ್ಲ, ಸುಟ್ಟ ನೀಲಿಯಿಲ್ಲ. ಕಾಲು ಎತ್ತಿದಾಗ ಒತ್ತುವ ಮಗ್ಗುಲಿನಲ್ಲಿ ಮಾತ್ರ ಹೊಳಪಿನ ಪಟ್ಟಿ ಬುಡದ ಕಡೆಗೆ ಇಳಿದಿತ್ತು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಅರೆದು ತಯಾರಾದವು, ಒಂದನ್ನು ಬದಲಿಸಿದರೆ ಎರಡನ್ನೂ ಬದಲಿಸಬೇಕು; ಬೆಲೆಯೂ ಬೇರಿಂಗ್‌ಗಳ ಹಲವು ಪಟ್ಟು. ಈ ಹಲ್ಲುಗಳಿಗೆ ಇನ್ನೂ ಆಯುಸ್ಸಿದೆ ಎಂದು ನಿರ್ಧರಿಸಿದೆ. ಕೇಸಿನ ಎರಡು ಬದಿಯ ಬೇರಿಂಗ್‌ಗಳು ನುಣುಪಾಗಿಯೇ ಇದ್ದವು, ಅವನ್ನೂ ಮುಟ್ಟಲಿಲ್ಲ. ಅವನ್ನು ಕಿತ್ತರೆ ಶಿಮ್ ಲೆಕ್ಕವೆಲ್ಲ ಹೊಸದಾಗಿ ಶುರುವಾಗುತ್ತದೆ. ಚೆನ್ನಾಗಿರುವುದನ್ನು ಕದಲಿಸಿ ಹೊಸ ತೊಂದರೆ ತರಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಪಿನಿಯನ್ನಿನ ಎರಡೂ ಬೇರಿಂಗ್, ಸೀಲ್, ಮುಚ್ಚಳದ ಪ್ಯಾಕಿಂಗ್ ಇವಿಷ್ಟನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆ. ಜೀಪಿನ ಹೆಸರು ಹೇಳಿ ಕೇಳುವುದಕ್ಕಿಂತ ಹಳೆಯ ಕಪ್ ಮತ್ತು ಕೋನ್‌ಗಳ ಅಂಚಿನಲ್ಲಿ ಕೆತ್ತಿದ ಸಂಖ್ಯೆಯನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ಹೊಸ ಕೋನನ್ನು ಹಳೆಯ ಕಪ್ಪಿನೊಂದಿಗೆ ಸೇರಿಸುವುದು ಬೇಡ.

ಒಳಗಿನ ಕಪ್ಪನ್ನು ಹೌಸಿಂಗಿನಿಂದ ಹೊಡೆದು ತೆಗೆಯುವಾಗ ಅದರ ಹಿಂದೆ ಅಡಗಿರುವ ಶಿಮ್‌ಗಳು ಕೆಳಗೆ ಬೀಳುತ್ತವೆ. ಪಿನಿಯನ್ ಎಷ್ಟು ಆಳಕ್ಕೆ ನಿಲ್ಲಬೇಕೆಂದು ಹೇಳುವುದು ಅವೇ. ಹೌಸಿಂಗೂ ಅದೇ, ಪಿನಿಯನ್ನೂ ಅದೇ ಆದ್ದರಿಂದ ಅಷ್ಟೇ ದಪ್ಪದ ಶಿಮ್‌ಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು ಮರಳಿ ಹಾಕಿದೆ. ಹೊಸ ಕಪ್ಪುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟಿದ್ದೆ. ತಣ್ಣಗೆ ಕುಗ್ಗಿದ್ದರಿಂದ ಹೆಚ್ಚು ಬಡಿಯದೆ ಇಳಿದವು. ಒಳ ಬೇರಿಂಗಿನ ಹಳೆಯ ಕೋನನ್ನು ಪಿನಿಯನ್ನಿನಿಂದ ಬಿಡಿಸಲು ಲೇತ್ ಅಂಗಡಿಯ ಪ್ರೆಸ್ ಬೇಕಾಯಿತು. ಅಲ್ಲಿಯ ಹಿರಿಯರು, "ಹೊಸದನ್ನು ಹೊಡೆದು ಹಾಕಬೇಡಿ, ಎಣ್ಣೆಯಲ್ಲಿ ಕಾಯಿಸಿ ಇಳಿಸಿ" ಎಂದರು. ಹಳೆಯ ಬಾಣಲೆಯಲ್ಲಿ ಎಂಜಿನ್ ಎಣ್ಣೆ, ಬೇರಿಂಗ್ ತಳಕ್ಕೆ ತಾಗದಂತೆ ತಂತಿಯಲ್ಲಿ ತೂಗುಹಾಕಿ, ಥರ್ಮಾಮೀಟರ್ 100 ಡಿಗ್ರಿ ತೋರಿಸುವವರೆಗೆ ಕಾಯಿಸಿದೆ. ದಪ್ಪ ಕೈಗವಸಿನಲ್ಲಿ ಹಿಡಿದು ಬಿಟ್ಟಾಗ ಬೇರಿಂಗ್ ತನ್ನಷ್ಟಕ್ಕೆ ಜಾರಿ ಬುಡಕ್ಕೆ ಕೂತಿತು.

ಇನ್ನು ಬಿಗಿತದ ಮಾತು. ಪಿನಿಯನ್ ಬೇರಿಂಗ್‌ಗಳು ಸಡಿಲವಾಗಿದ್ದರೆ ಶಬ್ದ ಮರಳುತ್ತದೆ, ಅತಿ ಬಿಗಿಯಾದರೆ ಕಾದು ಸುಡುತ್ತವೆ. ಈ ಎಕ್ಸೆಲ್‌ನಲ್ಲಿ ಆ ಬಿಗಿತವನ್ನು ಮುಂದಿನ ಬೇರಿಂಗಿನ ಹಿಂದಿರುವ ಶಿಮ್‌ಗಳು ನಿರ್ಧರಿಸುತ್ತವೆ: ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಹೊಸ ಬೇರಿಂಗ್‌ಗೆ 20ರಿಂದ 40 ಇಂಚು-ಪೌಂಡ್, ಅಂದರೆ ಸುಮಾರು 2.3ರಿಂದ 4.5 ನ್ಯೂಟನ್-ಮೀಟರ್ ತಿರುಗುಬಲ ಬೇಕು. ಅಷ್ಟು ಸಣ್ಣ ಬಲ ಅಳೆಯುವ ಟಾರ್ಕ್ ಪಾನಾ ನನ್ನಲ್ಲಿಲ್ಲ. ಪ್ರಯಾಣದ ಪೆಟ್ಟಿಗೆ ತೂಗುವ ಡಿಜಿಟಲ್ ತಕ್ಕಡಿ ಇತ್ತು. ಯೋಕಿನ ದುಂಡು ಭಾಗಕ್ಕೆ ನೂಲಿನ ಹಗ್ಗ ಸುತ್ತಿ, ತುದಿಯನ್ನು ತಕ್ಕಡಿಯ ಕೊಕ್ಕೆಗೆ ಹಾಕಿ ನಿಧಾನವಾಗಿ ಎಳೆದರೆ ಪಿನಿಯನ್ ತಿರುಗುತ್ತದೆ. ಅಲ್ಲಿ ತ್ರಿಜ್ಯ 3 ಸೆಂ.ಮೀ. ಇದ್ದುದರಿಂದ ತಕ್ಕಡಿ 8ರಿಂದ 15 ಕಿಲೋ ನಡುವೆ ತೋರಿಸಬೇಕು. ತಿರುಗಲು ಶುರುವಾಗುವಾಗಿನ ಅಂಕಿಯಲ್ಲ, ಸಮನಾಗಿ ತಿರುಗುತ್ತಿರುವಾಗಿನ ಅಂಕಿ ಲೆಕ್ಕಕ್ಕೆ ಬರುತ್ತದೆ. ಸೀಲ್ ಹಾಕುವ ಮೊದಲು, ಕ್ರೌನ್ ಇಲ್ಲದಿರುವಾಗ, ಬೇರಿಂಗ್‌ಗಳಿಗೆ ಎಣ್ಣೆ ಸವರಿ ಅಳೆಯಬೇಕು.

ಪ್ರತಿ ಸಲವೂ ನಟ್ಟನ್ನು ಪೂರ್ತಿ ಬಿಗಿದ ಮೇಲೆಯೇ ಅಳತೆ. ಅದಕ್ಕೆ 270 ನ್ಯೂಟನ್-ಮೀಟರ್‌ಗೂ ಹೆಚ್ಚು ಬಲ ಬೇಕು. ಯೋಕನ್ನು ಉದ್ದ ಪಟ್ಟಿಯಿಂದ ತಡೆದು, ಪಾನಾಗೆ ಒಂದು ಮೀಟರ್ ಉದ್ದದ ಪೈಪ್ ತೊಡಿಸಿ, ಅದೇ ತಕ್ಕಡಿಯಿಂದ ಪೈಪಿನ ತುದಿಯನ್ನು 28 ಕಿಲೋ ಬರುವವರೆಗೆ ಎಳೆದೆವು. ಮೊದಲಿನ ಶಿಮ್‌ಗಳೊಂದಿಗೆ ಸಡಿಲ ಬಂತು. ತೆಳುವಾದದ್ದೊಂದನ್ನು ತೆಗೆದಾಗ ವಿಪರೀತ ಬಿಗಿ. ಅದಕ್ಕಿಂತ ತೆಳುವಾದದ್ದನ್ನು ಹುಡುಕಿ ಸೇರಿಸಿ, ಮತ್ತೆ ಬಿಚ್ಚಿ, ಮತ್ತೆ ಬಿಗಿದು, ಕೊನೆಗೆ ತಕ್ಕಡಿ 10 ಕಿಲೋ ಆಸುಪಾಸಿನಲ್ಲಿ ನಿಂತಿತು. ಬೇಸರ ತರಿಸುವ ಕೆಲಸ ನಿಜ, ಆದರೆ ರಿಪೇರಿ ಉಳಿಯುವುದೂ ಹಾಳಾಗುವುದೂ ಇಲ್ಲಿಯೇ. ನಟ್ಟನ್ನು ಅಂದಾಜಿಗೆ ಬಿಗಿದು ಸಾಕೆನ್ನುವವರ ಬಳಿ ಈ ಭಾಗ ಕೊಡಬೇಡಿ.

ಕೇಸನ್ನು ಮರಳಿ ಕೂರಿಸಿ, ಟೋಪಿಗಳನ್ನು ಸುಮಾರು 110 ನ್ಯೂಟನ್-ಮೀಟರ್‌ಗೆ ಬಿಗಿದು ಸಂದು ಅಳೆದರೆ 0.18 ಮಿ.ಮೀ.; ಕ್ರೌನಿನ ಸುತ್ತ ಬೇರೆ ಬೇರೆ ಕಡೆ ನೋಡಿದರೂ ಹೆಚ್ಚು ವ್ಯತ್ಯಾಸವಿಲ್ಲ. ಈಗ ಯೋಕ್ ಎಳೆದರೂ ಒತ್ತಿದರೂ ಅಳತೆ ಬದಲಾಗಲಿಲ್ಲ. ಕೆಲವು ಹಲ್ಲುಗಳಿಗೆ ಪ್ರಶ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳುವಾಗಿ ಹಚ್ಚಿ, ಕ್ರೌನಿಗೆ ಮರದ ತುಂಡು ಒತ್ತಿ ತಡೆ ಕೊಟ್ಟು, ಯೋಕನ್ನು ಎರಡೂ ದಿಕ್ಕಿಗೆ ತಿರುಗಿಸಿದೆ. ಎಳೆಯುವ ಮಗ್ಗುಲಿನಲ್ಲಿ ಬಣ್ಣ ಒರೆಸಿದ ಗುರುತು ಹಲ್ಲಿನ ಎತ್ತರದ ನಡುವೆ, ಒಳತುದಿಯ ಕಡೆಗೆ ತುಸು ವಾಲಿತ್ತು. ಪಿನಿಯನ್ ಹೆಚ್ಚು ಆಳಕ್ಕೆ ಹೋಗಿದ್ದರೆ ಗುರುತು ಬುಡಕ್ಕೆ ಇಳಿಯುತ್ತದೆ, ಮೇಲೆಯೇ ಉಳಿದಿದ್ದರೆ ತುದಿಗೆ ಏರುತ್ತದೆ. ಇನ್ನೊಂದು ಮಗ್ಗುಲಿನಲ್ಲಿ ಗುರುತು ನಡುವಿಗೆ ಮರಳಿತ್ತು, ಹಳೆಯ ಸವೆತದ ಹೊಳಪಿನ ಪಟ್ಟಿ ಅದರ ಕೆಳಗೆ ಬೇರೆಯಾಗಿ ಕಾಣುತ್ತಿತ್ತು.

ಉಳಿದದ್ದು ಬಿಚ್ಚಿದ್ದರ ತಿರುವುಮುರುವು. ಶಾಫ್ಟುಗಳ ಅಡ್ಡ ಆಟವನ್ನು ಡಯಲ್ ಗೇಜಿನಲ್ಲಿ ನೋಡಿಕೊಂಡೆ, ಹಬ್ ಕೂರುವ ಶಂಕುವನ್ನು ಎಣ್ಣೆ ಜಿಡ್ಡಿಲ್ಲದಂತೆ ಒರೆಸಿ ಒಣಗಿದ್ದಾಗಲೇ ಸೇರಿಸಿದೆ. ಹಬ್ ನಟ್ಟಿಗೆ ಕನಿಷ್ಠ 200 ನ್ಯೂಟನ್-ಮೀಟರ್. ಪಿನ್ನಿನ ತೂತು ಸರಿಹೊಂದದಿದ್ದರೆ ಇನ್ನೂ ಬಿಗಿಯಬೇಕೇ ಹೊರತು ಸಡಿಲಿಸಬಾರದು. ಬ್ರೇಕ್ ಕೊಳವೆ ಬಿಚ್ಚಿದ್ದರಿಂದ ಗಾಳಿ ತೆಗೆದದ್ದಾಯಿತು. ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಎಣ್ಣೆ, ಫಿಲ್ಲರ್ ತೂತಿನ ಅಂಚಿನವರೆಗೆ, ಸುಮಾರು ಒಂದೂಕಾಲು ಲೀಟರ್.

ಬ್ರೀದರನ್ನು ಇದ್ದಲ್ಲಿಯೇ ತೊಳೆದು ಬಿಟ್ಟಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಮುಚ್ಚುತ್ತಿತ್ತು. ಅದನ್ನು ತೆಗೆದು ಅಲ್ಲಿಗೆ ಒಂದು ನಿಪ್ಪಲ್ ಹಾಕಿ, ಡೀಸೆಲ್ ಪೈಪಿನ ರಬ್ಬರ್ ಕೊಳವೆಯನ್ನು ಚಾಸಿಯ ಉದ್ದಕ್ಕೂ ಕಟ್ಟಿ, ಹಿಂದಿನ ಸೀಟಿನ ಮಟ್ಟಕ್ಕೆ ಏರಿಸಿ, ತುದಿಗೆ ಬೈಕಿನ ಪುಟ್ಟ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದೆ. ಎಕ್ಸೆಲ್ ಮೇಲೆ ಕೆಳಗೆ ಆಡುವಾಗ ಎಳೆಯದಂತೆ ನಡುವೆ ಒಂದು ಸುರುಳಿ ಸಡಿಲ ಬಿಟ್ಟಿದ್ದೇನೆ. ಈಗ ಹಳ್ಳದ ನೀರು ಎಕ್ಸೆಲ್ ಮುಳುಗಿಸಿದರೂ ಅದು ಉಸಿರಾಡುವುದು ಸೀಟಿನ ಎತ್ತರದ ಗಾಳಿಯನ್ನು. ಈ ಇಡೀ ಕೆಲಸದಲ್ಲಿ ಅತಿ ಅಗ್ಗದ ಭಾಗ ಇದು. ಮಲೆನಾಡಿನಲ್ಲಿ ಜೀಪ್ ಇಟ್ಟುಕೊಂಡವರು, ಶಬ್ದ ಇರಲಿ ಇಲ್ಲದಿರಲಿ, ಇದೊಂದನ್ನು ಮಾಡಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲ ಓಟವನ್ನು ನಿಧಾನವಾಗಿ, ಭಾರವಿಲ್ಲದೆ ಮಾಡಿದೆವು. ಅರ್ಧ ಗಂಟೆಯ ನಂತರ ನಿಲ್ಲಿಸಿ ಮೂತಿಯ ಮೇಲೆ ಅಂಗೈ ಇಟ್ಟರೆ ಬೆಚ್ಚಗಿತ್ತು, ಕೈ ಹಿಂತೆಗೆಯಬೇಕಾಗಲಿಲ್ಲ. ಕೈ ತಡೆಯದಷ್ಟು ಕಾದಿದ್ದರೆ ಬಿಗಿತ ಹೆಚ್ಚಾಗಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕಿತ್ತು. ಸೀಲಿನ ಸುತ್ತ ಒಣಗಿತ್ತು. ಆಮೇಲೆ ಅದೇ ಸಖರಾಯಪಟ್ಟಣದ ರಸ್ತೆ, ಅದೇ 50, ಅದೇ ಆ್ಯಪ್. ಎಳೆಯುವಾಗ 270ರ ಗೆರೆ ಟೈರಿನ ಮೊರೆತದಲ್ಲಿ ಮುಳುಗಿ ಹೋಗಿತ್ತು. ಕಾಲು ಎತ್ತಿದಾಗ ಸಣ್ಣ ಗೆರೆಯೊಂದು ಈಗಲೂ ಏಳುತ್ತದೆ, ಕಿವಿ ಕೊಟ್ಟರೆ ತೆಳುವಾದ ಸುಯ್ ಕೇಳುತ್ತದೆ. ತಪ್ಪು ಜಾಗದಲ್ಲಿ ಕೂಡಿ ಸವೆದ ಹಲ್ಲಿನ ಗುರುತು ಅದು, ಬೇರಿಂಗ್ ಬದಲಿಸಿದ್ದರಿಂದ ಅಳಿಸಿ ಹೋಗುವುದಿಲ್ಲ. ಅದು ಬೆಳೆಯುತ್ತದೆಯೇ ಎಂದು ತಿಳಿಯಲು ಆ ದಿನದ ಗೆರೆಯ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಂಡಿದ್ದೇನೆ.

500 ಕಿ.ಮೀ. ಆದ ಮೇಲೆ ಎಣ್ಣೆ ಪೂರ್ತಿ ಇಳಿಸಿ ಬದಲಿಸಿದೆ. ಬಣ್ಣ ಜೇನಿನಂತೆ ತಿಳಿಯಾಗಿತ್ತು, ಅಯಸ್ಕಾಂತಕ್ಕೆ ನುಣ್ಣನೆಯ ಪುಡಿ ಬಿಟ್ಟು ಬೇರೇನೂ ಅಂಟಲಿಲ್ಲ, ಹಕ್ಕಳೆಗಳಿಲ್ಲ. ಮುಂದಿನ ಎಕ್ಸೆಲ್‌ನ ಬ್ರೀದರನ್ನೂ ಬಿಚ್ಚಿ ನೋಡಿದರೆ ಅದೂ ಮಣ್ಣು ತುಂಬಿ ಮುಚ್ಚಿತ್ತು; ಎಣ್ಣೆಯಲ್ಲಿ ಇನ್ನೂ ನೀರು ಸೇರಿರಲಿಲ್ಲ. ಅದಕ್ಕೂ ಒಂದು ಕೊಳವೆ, ಒಂದು ಫಿಲ್ಟರ್ ತಂದಿಟ್ಟಿದ್ದೇನೆ, ಈ ವಾರ ಹಾಕಬೇಕು.